ಗೇಟಿನಿಂದ ಮಂಚಕ್ಕೆ ಎಷ್ಟು ಹೆಜ್ಜೆ?

ಗದಗ-ಬೆಟಗೇರಿಯ ಓದುಗರೊಬ್ಬರ ಪತ್ರದ ಸಾರ ಇದು. "ಬೇಸಿಗೆ ರಜೆಯಲ್ಲಿ ಬಿಡದಿಯ ವಂಡರ್‌ಲಾ ನೋಡಲು ಹೋಗೋಣ ಅಂತ ಮನೆಯಲ್ಲಿ ಮಾತಾಗಿದೆ. ನಾವು ಏಳು ಜನ. ಅತ್ತೆ, ಮಾವ, ನಾನು, ನಮ್ಮ ಯಜಮಾನರು, ನಾದಿನಿ, 13 ವರ್ಷದ ಮಗಳು, 9 ವರ್ಷದ ಮಗ. ಮಗನಿಗೆ ಆಟಿಸಂ. ಮಾತು ಕಡಿಮೆ. ಕುಕ್ಕರ್ ಸೀಟಿ ಹೊಡೆದರೆ ಕಿವಿ ಮುಚ್ಚಿಕೊಳ್ಳುತ್ತಾನೆ. ನೀರು ಕಂಡರೆ ಓಡುತ್ತಾನೆ. ಮನೆಯ ಹಳೇ ಟೇಬಲ್ ಫ್ಯಾನಿನ ಸದ್ದಿಲ್ಲದೆ ಮಲಗುವುದಿಲ್ಲ. ಮಾವನಿಗೆ ಮೊಣಕಾಲು ನೋವು. ಅತ್ತೆಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ನಡೆದಿದೆ. ಪಾರ್ಕಿನ ರೆಸಾರ್ಟು ತುಟ್ಟಿ. ವಿಜಯನಗರದಲ್ಲಿ ಯಜಮಾನರ ಕಾಕಾನ ಮನೆ ಇದೆ, ಅಲ್ಲೇ ಇಳಿಯೋಣ ಅಂತಾರೆ ಮಾವ. ಮೆಜೆಸ್ಟಿಕ್‌ನಲ್ಲಿ ಲಾಡ್ಜ್ ಸಾಕು ಅಂತಾರೆ ಯಜಮಾನರು. ಅಡುಗೆಮನೆ ಇರೋ ಹೋಮ್‌ಸ್ಟೇ ಹಿಡಿಯೋಣ ಅಂತಾಳೆ ನಾದಿನಿ. ಎಲ್ಲಿ ಇಳಿಯಬೇಕು? ಅಥವಾ ಹೋಗಲೇಬಾರದಾ?"

ತಂಗಿ,

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಹೋಗಿ ಬನ್ನಿ. ಆದರೆ ಬೇಸಿಗೆ ರಜೆಯಲ್ಲಿ ಬೇಡ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

ನಿಮ್ಮ ಪತ್ರ ಓದಿದಾಗ ನನ್ನ ತಂಗಿಯ ಮಗ ನೆನಪಾದ. ಈಗ ಅವನಿಗೆ ಇಪ್ಪತ್ತು ದಾಟಿದೆ. ಅವನು ಎಂಟು ವರ್ಷದವನಿದ್ದಾಗ ಮನೆಮಂದಿಯೆಲ್ಲ ಸೇರಿ ಒಂದು ಊರಿಗೆ ಹೋಗಿದ್ದೆವು. ಊರು ಯಾವುದು, ಹೋಟೆಲು ಯಾವುದು ಅನ್ನೋದು ಈಗ ಬೇಡ. ಫೋಟೊದಲ್ಲಿ ಚಂದ ಕಂಡಿತು, ಹಿಡಿದೆವು. ಹೋಗಿ ನೋಡಿದರೆ ನಮ್ಮ ರೂಮಿನ ಕೆಳಗೇ ಮದುವೆ ಹಾಲ್. ರಾತ್ರಿ ಒಂಬತ್ತಕ್ಕೆ ಡಿಜೆ ಶುರುವಾಯಿತು. ಕಿಟಕಿ ಗಾಜು ನಡುಗುತ್ತಿತ್ತು. ಮೇಜಿನ ಮೇಲಿದ್ದ ಲೋಟದ ನೀರಿನಲ್ಲಿ ಸಣ್ಣ ಸಣ್ಣ ಬಳೆ ಎದ್ದು ಒಡೆಯುತ್ತಿದ್ದವು. ಹುಡುಗ ಬಾತ್‌ರೂಮಿಗೆ ಹೋಗಿ, ಬಕೆಟ್ಟನ್ನು ತಲೆ ಮೇಲೆ ಬೋರಲು ಹಾಕಿಕೊಂಡು ಮೂಲೆಯಲ್ಲಿ ಕೂತ. ಕೆಳಗೆ ಫೋನ್ ಮಾಡಿದರೆ "ಹನ್ನೊಂದಕ್ಕ ಮುಗೀತೈತ್ರೀ ಮೇಡಂ" ಎಂದರು. ಮುಗಿದಾಗ ಒಂದೂವರೆ. ಅಷ್ಟೊತ್ತಿಗೆ ತಂಗಿಯ ಗಂಡ ಮಗನನ್ನು ಕಾರಿನಲ್ಲಿ ಕೂರಿಸಿಕೊಂಡು ಹೈವೇ ಮೇಲೆ ಸುಮ್ನೆ ಹೋಗುತ್ತಾ ಬರುತ್ತಾ ಇದ್ದರು. ಬೆಳಗಾದ ಮೇಲೆ ಯಾರಿಗೂ ಏನೂ ನೋಡುವ ಮನಸ್ಸಿರಲಿಲ್ಲ. ನಮ್ಮವ್ವ ಚಹಾ ಕುಡಿಯುತ್ತಾ ಒಂದೇ ಮಾತು ಹೇಳಿದಳು: "ಹೊಂಟಿದ್ದು ಹುಡುಗನ ಸಲುವಾಗಿ, ರೂಮ್ ಆರಿಸಿದ್ದು ನಮ್ಮ ಸಲುವಾಗಿ."

ಅದಕ್ಕೇ ನಾನು ಕೇಳುವ ಮೊದಲ ಪ್ರಶ್ನೆ ಬಾಡಿಗೆಯದಲ್ಲ. ಪಾರ್ಕಿನ ಗೇಟಿನಿಂದ ನಿಮ್ಮ ಮಂಚಕ್ಕೆ ಎಷ್ಟು ದೂರ? ಮಧ್ಯಾಹ್ನ ಒಂದು ಗಂಟೆಗೆ ಮಗನಿಗೆ ಸಾಕಾಯಿತು ಅಂದರೆ, ಕಾಲು ಗಂಟೆಯಲ್ಲಿ ಅವನು ಕತ್ತಲೆ ಮಾಡಿದ ರೂಮಿನಲ್ಲಿ ಇರಬೇಕು. ಹಾಗಾದರೆ ಮಾತ್ರ ನಾಲ್ಕು ಗಂಟೆಗೆ ಅವನು ಮತ್ತೆ ಎದ್ದು ಬರುತ್ತಾನೆ. ಇಲ್ಲವಾದರೆ ಆ ದಿನ ಅಲ್ಲಿಗೆ ಮುಗಿಯಿತು, ಏಳೂ ಜನರದ್ದು.

ಈ ಲೆಕ್ಕದಲ್ಲಿ ಮೆಜೆಸ್ಟಿಕ್ ಲಾಡ್ಜ್ ಮೊದಲೇ ಬಿದ್ದುಹೋಯಿತು. ಪಾರ್ಕು ಇರುವುದು ಮೈಸೂರು ರಸ್ತೆಯಲ್ಲಿ, ಬೆಂಗಳೂರಿನಿಂದ ಸುಮಾರು 28 ಕಿಲೋಮೀಟರ್. ನೇರಳೆ ಮಾರ್ಗದ ಮೆಟ್ರೊ ಚಲ್ಲಘಟ್ಟಕ್ಕೆ ನಿಲ್ಲುತ್ತದೆ, ಮುಂದೆ ಟ್ಯಾಕ್ಸಿ ಹಿಡಿಯಬೇಕು. ಅಳುವ ಮಗು, ಮೊಣಕಾಲಿನ ಮಾವ, ಬೆಂಗಳೂರಿನ ಟ್ರಾಫಿಕ್ಕು. ಬೇಡ ಬಿಡಿ.

ಕಾಕಾನ ಮನೆ ವಿಷಯ ಸೂಕ್ಷ್ಮ. "ತಮ್ಮನ ಮನಿ ಇರೂಮುಂದ ಲಾಡ್ಜ್ ಯಾಕ?" ಅಂತ ಮಾವ ಕೇಳುವುದು ನಮ್ಮ ಕಡೆಯ ಮರ್ಯಾದೆಯ ಪ್ರಶ್ನೆ, ತಪ್ಪಲ್ಲ. ಆದರೆ ಆ ಮನೆಯಲ್ಲಿ ಬೆಳಗ್ಗೆ ಏಳಕ್ಕೆ ಕುಕ್ಕರ್ ಕೂಗುತ್ತದೆ. ಕಾಲಿಂಗ್ ಬೆಲ್ ಬಾರಿಸುತ್ತಲೇ ಇರುತ್ತದೆ. ನಿಮ್ಮನ್ನು ನೋಡಲು ನೆಂಟರು ಬರುತ್ತಾರೆ. ಮಗ ಕಿರುಚಿದರೆ "ಸ್ವಲ್ಪ ಹೆದರಿಸ್ರೀ, ಸುಮ್ನಾಗ್ತಾನ" ಅನ್ನುವವರು ಒಬ್ಬರಾದರೂ ಸಿಗುತ್ತಾರೆ. ನೀವು ಮೂರು ದಿನ ಎಲ್ಲರಿಗೂ ಉತ್ತರ ಹೇಳುತ್ತಾ ನಿಲ್ಲಬೇಕು. ಹೊರಡುವ ದಿನ ಅಲ್ಲಿಗೆ ಊಟಕ್ಕೆ ಹೋಗಿ. ರೈಲು ಹೇಗೂ ಬೆಂಗಳೂರಿನಿಂದಲೇ ಹತ್ತಬೇಕಲ್ವಾ? ಮಾವನಿಗೂ ಸಮಾಧಾನ.

ಇನ್ನು ಹೋಮ್‌ಸ್ಟೇ. ನಾದಿನಿ ಒಳ್ಳೇ ಮನಸ್ಸಿನಿಂದಲೇ ಹೇಳಿದ್ದಾಳೆ. ಆದರೆ ಅಡುಗೆಮನೆ ಇದ್ದರೆ ಅಡುಗೆ ಮಾಡುವವರು ಯಾರು ತಂಗಿ? ಉತ್ತರ ನಿಮಗೂ ಗೊತ್ತು, ನನಗೂ ಗೊತ್ತು. ಅದಕ್ಕಿಂತ ದೊಡ್ಡ ಮಾತು ನೀರಿನದು. ತೋಟದ ಮನೆಗಳಲ್ಲಿ ಬೇಲಿಯಿಲ್ಲದ ಈಜುಕೊಳ ಇರುತ್ತದೆ, ಕೃಷಿ ಹೊಂಡ ಇರುತ್ತದೆ. ಆಟಿಸಂ ಇರುವ ಮಕ್ಕಳು ಸದ್ದಿಲ್ಲದೆ ನೀರಿನ ಕಡೆ ಹೋಗಿಬಿಡುವುದು ಜಗತ್ತಿನ ಎಲ್ಲ ಕಡೆ ಗೊತ್ತಿರುವ ಅಪಾಯ. ನಿಮ್ಮ ಮಗ ಓಡುತ್ತಾನೆ ಅಂತ ನೀವೇ ಬರೆದಿದ್ದೀರಿ. ಕಾವಲಿಲ್ಲದ ನೀರಿನ ಪಕ್ಕ ರಾತ್ರಿ ಮಲಗಬೇಡಿ.

ಉಳಿದದ್ದು ಪಾರ್ಕಿಗೆ ಅಂಟಿಕೊಂಡೇ ಇರುವ ರೆಸಾರ್ಟು. ಪಾರ್ಕು ಶುರುವಾಗಿದ್ದು 2005ರಲ್ಲಿ, ರೆಸಾರ್ಟು 2012ರಲ್ಲಿ. 84 ರೂಮು, ಹಾಗಾಗಿ ಬೇಗ ತುಂಬುತ್ತದೆ. ತುಟ್ಟಿ ಅನ್ನೋದು ನಿಜ. ಆದರೆ ನೀವು ದುಡ್ಡು ಕೊಡುವುದು ಮೆತ್ತನೆ ಹಾಸಿಗೆಗಲ್ಲ, ಮಧ್ಯಾಹ್ನ ವಾಪಸ್ ಬರುವ ಅನುಕೂಲಕ್ಕೆ. ಮೂರು ರಾತ್ರಿ ಬೇರೆ ಕಡೆ ಇರುವ ಬದಲು ಎರಡೇ ರಾತ್ರಿ ಅಲ್ಲಿರಿ. ಏಳೂ ಜನಕ್ಕೆ ಎರಡೂ ದಿನದ ಪಾರ್ಕ್ ಟಿಕೆಟ್ ಬೇಕಿಲ್ಲ. ಉಳಿತಾಯ ಅಲ್ಲಿ ಮಾಡಿ. ಬುಕ್ ಮಾಡುವ ಮೊದಲು ಒಂದು ಸಲ ಕೇಳಿ: ಪಾರ್ಕಿನಿಂದ ಹೊರಗೆ ಬಂದು ಅದೇ ಟಿಕೆಟ್ ಮೇಲೆ ಮತ್ತೆ ಒಳಗೆ ಬಿಡುತ್ತಾರಾ? ನನ್ನ ಇಡೀ ಲೆಕ್ಕ ಇದರ ಮೇಲೆ ನಿಂತಿದೆ.

ಉಳಿದ ಪ್ರಶ್ನೆಗಳನ್ನೂ ಫೋನಿನಲ್ಲೇ ಕೇಳಿ. ಆನ್‌ಲೈನ್‌ನಲ್ಲಿ ಬಟನ್ ಒತ್ತಿ ಸುಮ್ಮನಾಗಬೇಡಿ. ಆ ದಿನ ಮದುವೆ, ಕಂಪನಿ ಪಾರ್ಟಿ ಏನಾದರೂ ಇದೆಯಾ? (ನನ್ನ ಸುಟ್ಟ ಅನುಭವ ಇದು, ಇದನ್ನೇ ಮೊದಲು ಕೇಳಿ.) ಜನರೇಟರ್ ಎಲ್ಲಿದೆ? ಅಕ್ಕಪಕ್ಕದ ಎರಡು ರೂಮು ಕೊಡುತ್ತಾರಾ, ನಡುವೆ ಬಾಗಿಲು ಇದೆಯಾ? ಅತ್ತೆಯ ಇನ್ಸುಲಿನ್‌ಗೆ ರೂಮಿನಲ್ಲಿ ಫ್ರಿಜ್ ಇದೆಯಾ? ಮಗನಿಗೆ ಒಗ್ಗರಣೆ ಹಾಕದ ಮೊಸರನ್ನ ಸಿಗುತ್ತದಾ? ಪಾರ್ಕುಗಳಲ್ಲಿ ಹೊರಗಿನ ಊಟ ಸಾಮಾನ್ಯವಾಗಿ ಬಿಡುವುದಿಲ್ಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ರೂಮಿನಲ್ಲಿರಲಿ. ಅಲ್ಲಿಗೇ ಊಟಕ್ಕೆ ಬನ್ನಿ.

ಯಾವ ಅಂತಸ್ತು ಅನ್ನುವುದರಲ್ಲಿ ಮಾತ್ರ ನಿಮ್ಮ ಮನೆಯ ಇಬ್ಬರಿಗೆ ಜಗಳ ಬೀಳುತ್ತದೆ. ಮಾವನ ಮೊಣಕಾಲು ನೆಲಮಹಡಿ ಕೇಳುತ್ತದೆ. ಆದರೆ ನೆಲಮಹಡಿಯಿಂದ ಮಗ ಈಜುಕೊಳಕ್ಕೆ ಓಡುವುದೂ ಸುಲಭ. ಲಿಫ್ಟ್ ಇದ್ದರೆ ಮೇಲಿನದೇ ಇರಲಿ, ಬಾಲ್ಕನಿ ಬಾಗಿಲಿಗೆ ಬೀಗ ಹಾಕಿಸಿ. ಲಿಫ್ಟ್ ಇಲ್ಲದಿದ್ದರೆ ನೆಲಮಹಡಿ, ಈಜುಕೊಳದ ಬೆನ್ನಿಗಿರುವ ಕಡೆ. ಎರಡರಲ್ಲೂ ಬಾಗಿಲಿನ ಚಿಲಕಕ್ಕೆ ಒಂದು ಗಂಟೆ ಕಟ್ಟಿ. ನನ್ನ ತಂಗಿ ಎಲ್ಲಿ ಹೋದರೂ ಎತ್ತಿನ ಕೊರಳಿನ ಒಂದು ಸಣ್ಣ ಗಂಟೆ ಬ್ಯಾಗಿನಲ್ಲಿ ಇಟ್ಟುಕೊಂಡಿರುತ್ತಾಳೆ. ಬಾಗಿಲು ಒಂದು ಬೆರಳು ಸರಿದರೂ ಅದು ಕಿಣಿ ಅನ್ನುತ್ತದೆ. ಮ್ಯಾಗ್ನೆಟ್ ಅಲಾರಂಗಳೂ ಸಿಗುತ್ತವೆ, ಆದರೆ ಅವು ಚೀರುತ್ತವೆ. ನಿಮ್ಮ ಮಗನ ಕಿವಿಗೆ ಎತ್ತಿನ ಗಂಟೆಯೇ ವಾಸಿ.

ರೈಲಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ರೂಮಿಗೂ ಅದಕ್ಕೂ ನಂಟಿದೆ. ಧಾರವಾಡ-ಬೆಂಗಳೂರು ವಂದೇ ಭಾರತ್ 2023ರಲ್ಲಿ ಶುರುವಾದಾಗಿನಿಂದ ಎಲ್ಲರೂ ಅದನ್ನೇ ಹೇಳುತ್ತಾರೆ. ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ, ಅದು ಒಳ್ಳೆಯದೇ. ಆದರೆ ನೀವು ಹುಬ್ಬಳ್ಳಿಗೆ ಬಂದು ಬದಲಾಯಿಸಬೇಕು. ನಮ್ಮ ಹುಬ್ಬಳ್ಳಿ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿಗೇ ಉದ್ದ ಅಂತ ನಾವೆಲ್ಲ ಎದೆ ಉಬ್ಬಿಸುತ್ತೇವೆ. ಮೊಣಕಾಲು ನೋವಿನವರನ್ನು ಕರೆದುಕೊಂಡು ಅದರ ಮೇಲೆ ಬೋಗಿ ಹುಡುಕಿದರೆ ಗೊತ್ತಾಗುತ್ತದೆ. ನಿಮಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಸರಿ. ಗದಗದಲ್ಲಿ ರಾತ್ರಿ ಹತ್ತಿ, ಬೆಳಗ್ಗೆ ಬೆಂಗಳೂರಿನಲ್ಲಿ ಇಳಿಯುವುದು. ಥರ್ಡ್ ಎಸಿಯ ಒಂದು ಭಾಗದಲ್ಲಿ ಎಂಟು ಬರ್ತ್ ಇರುತ್ತವೆ, ನೀವು ಏಳು ಜನ. ಬೇಗ ಬುಕ್ ಮಾಡಿದರೆ ಹೆಚ್ಚುಕಡಿಮೆ ನಿಮ್ಮದೇ ಮನೆ ಆದ ಹಾಗೆ.

ತೊಡಕು ಇರುವುದು ಇಳಿದ ಮೇಲೆ. ನೀವು ಬೆಳಗ್ಗೆಯೇ ಬಿಡದಿ ಮುಟ್ಟುತ್ತೀರಿ. ಹೋಟೆಲುಗಳು ರೂಮ್ ಕೊಡುವುದು ಹನ್ನೆರಡಕ್ಕೋ ಎರಡಕ್ಕೋ. ಆ ನಾಲ್ಕೈದು ತಾಸು ರಿಸೆಪ್ಷನ್ ಸೋಫಾದ ಮೇಲೆ, ಲಗೇಜಿನ ನಡುವೆ, ಹೊಸ ಜಾಗದಲ್ಲಿ ನಿಮ್ಮ ಮಗ. ಪ್ರವಾಸ ಕೆಡುವುದು ಪಾರ್ಕಿನಲ್ಲಿ ಅಲ್ಲ, ಇಲ್ಲಿ. ಹಾಗಾಗಿ ಎರಡು ರೂಮಿನಲ್ಲಿ ಒಂದನ್ನಾದರೂ ಹಿಂದಿನ ರಾತ್ರಿಯಿಂದಲೇ ಹಿಡಿಯಿರಿ. "ನಾವು ಬರುವುದು ಬೆಳಗ್ಗೆ, ರೂಮು ರದ್ದು ಮಾಡಬೇಡಿ" ಅಂತ ಹೇಳಿ ಇಡಿ. ಖಾಲಿ ರೂಮಿಗೆ ದುಡ್ಡು ಕೊಡುವುದಾ ಅಂತ ಯಜಮಾನರು ಕೇಳುತ್ತಾರೆ. ಹೌದು, ಕೊಡುವುದೇ. ಮೊದಲ ದಿನ ಪಾರ್ಕಿಗೆ ಹೋಗಲೇಬೇಡಿ. ರೂಮು, ಊಟ, ನಿದ್ದೆ, ಸಂಜೆ ಒಂದು ಸುತ್ತು. ಅಷ್ಟೇ.

ಪತ್ರದ ಕೊನೆಗೆ ನಾದಿನಿ ಎಲ್ಲೋ ಕೇಳಿದ್ದು ಅಂತ ಬರೆದಿದ್ದೀರಿ, ಆಟಿಸಂ ಮಕ್ಕಳು ಕ್ಯೂ ನಿಲ್ಲಬೇಕಿಲ್ಲ ಅಂತ. ಅದು ಅಮೆರಿಕದ ಫ್ಲೋರಿಡಾದಲ್ಲಿರುವ ಡಿಸ್ನಿ ವರ್ಲ್ಡ್‌ನ ಮಾತು. ಅಲ್ಲಿ ಮೊದಲೇ ಹೆಸರು ಬರೆಸಿದರೆ ಇಂಥ ಹೊತ್ತಿಗೆ ಬನ್ನಿ ಅಂತ ಸಮಯ ಕೊಡುತ್ತಾರೆ, ಅಲ್ಲಿಯವರೆಗೆ ಬೇರೆ ಕಡೆ ಕೂತಿರಬಹುದು. ಅಲ್ಲಿಯ ಒಂದು ಹೋಟೆಲಿನಲ್ಲಿ ಆರು ಜನಕ್ಕೆ ಎರಡು ಬಾತ್‌ರೂಮಿನ ಸ್ವೀಟ್‌ಗಳೂ ಇವೆ. ನಮಗೆ ಕಲಿಯಲು ಇರುವುದು ಆ ಎರಡು ಬಾತ್‌ರೂಮು. ಒಂದರಲ್ಲಿ ಮಗ ಬಾಗಿಲು ಹಾಕಿಕೊಂಡು ಅರ್ಧ ತಾಸು ಕೂತರೆ ಅತ್ತೆ ಎಲ್ಲಿ ಹೋಗಬೇಕು? ಅದಕ್ಕೇ ಎರಡು ರೂಮು ಅಂದದ್ದು. ಬಿಡದಿಯಲ್ಲಿ ದುಡ್ಡು ಕೊಟ್ಟರೆ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಇದೆ. ಮಗನಿಗೂ ಅವನ ಜೊತೆ ಹೋಗುವವರಿಗೂ ತೆಗೆದುಕೊಳ್ಳಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ. ಮಗನ ಯುಡಿಐಡಿ ಕಾರ್ಡ್, ಅಂದರೆ ಅಂಗವೈಕಲ್ಯದ ಗುರುತಿನ ಚೀಟಿ, ಮಾಡಿಸಿದ್ದರೆ ಜೊತೆಗಿರಲಿ. ಗೇಟಿನಲ್ಲಿ ಮಾತು ಬೆಳೆಸದೆ ತೋರಿಸಲು ಆಗುತ್ತದೆ.

ಬೇಸಿಗೆ ಬೇಡ ಅಂದೆನಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇಡೀ ಕರ್ನಾಟಕದ ಮಕ್ಕಳು ಅಲ್ಲಿರುತ್ತಾರೆ. ಶಾಲೆ ಶುರುವಾದ ಮೇಲೆ ಒಂದು ಮಂಗಳವಾರ, ಬುಧವಾರ ನೋಡಿ. ಮೂರ್ನಾಲ್ಕು ದಿನ ಶಾಲೆ ತಪ್ಪಿದರೆ ಏನೂ ಆಗುವುದಿಲ್ಲ.

ಅದಕ್ಕೂ ಮೊದಲು ಒಂದು ಪರೀಕ್ಷೆ ಮಾಡಿ. ಲಕ್ಷ್ಮೇಶ್ವರದ ಮೇಲೆ ಶಿಗ್ಗಾಂವಿಗೆ ಹೋಗಿ, ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ನೋಡಿ ಬನ್ನಿ. ಕಲಾವಿದ ಟಿ. ಬಿ. ಸೊಲಬಕ್ಕನವರ್ ಕಟ್ಟಿದ್ದು. ಎತ್ತು, ಎಮ್ಮೆ, ಸಂತೆ, ಮನೆಗಳೆಲ್ಲ ಜೀವಂತದ ಹಾಗಿವೆ, ಆದರೆ ಯಾವುದೂ ಕೂಗುವುದಿಲ್ಲ. ಮಾವನಿಗೂ ಹಳೇ ಊರು ನೋಡಿದಂತಾಗುತ್ತದೆ. ರಾತ್ರಿ ಮನೆಗೆ ಬರಬೇಡಿ. ಹುಬ್ಬಳ್ಳಿಯಲ್ಲಿ ಒಂದು ಲಾಡ್ಜ್ ಹಿಡಿದು ಮಲಗಿ. ಮಗ ಎಷ್ಟಕ್ಕೆ ಎದ್ದ, ಯಾವ ಸದ್ದಿಗೆ ಎದ್ದ, ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್ ತಡೆದುಕೊಂಡನಾ ಅಂತ ಬರೆದಿಟ್ಟುಕೊಳ್ಳಿ. ಕೆಟ್ಟರೆ ಮನೆ ಒಂದೂವರೆ ತಾಸಿನ ದಾರಿ.

ಮಾವ ಪಾರ್ಕಿನಲ್ಲಿ ಏನು ಮಾಡಬೇಕು ಅಂತ ನೀವು ಚಿಂತೆ ಮಾಡಿದ್ದೀರಿ. ಪತ್ರವನ್ನು ಎರಡನೇ ಸಲ ಓದಿದಾಗ ನನಗೊಂದು ಹೊಳೆಯಿತು. ಅಜ್ಜನಿಗೆ ಬೇಕಾದ್ದು ನೆರಳು, ಹತ್ತಿರ ಟಾಯ್ಲೆಟ್, ಹೊತ್ತಿಗೆ ಸರಿಯಾಗಿ ಊಟ, ಮಧ್ಯಾಹ್ನ ಒಂದು ನಿದ್ದೆ, ಜಾಸ್ತಿ ಗದ್ದಲ ಬೇಡ. ಮೊಮ್ಮಗನಿಗೂ ಅದೇ. ಇಬ್ಬರನ್ನೂ ಒಂದೇ ರೂಮಿಗೆ ಹಾಕಿ. ಮಧ್ಯಾಹ್ನ ಅಜ್ಜ, ಮೊಮ್ಮಗ, ಅತ್ತೆ ಅಲ್ಲಿ ಮಲಗಲಿ. ಯಜಮಾನರು ಬಾಗಿಲ ಕಡೆಯ ಮಂಚದಲ್ಲಿರಲಿ. ಕಾವಲು ವಯಸ್ಸಾದವರ ಮೇಲೆ ಬೀಳಬಾರದು.

ಆ ಎರಡು ಮೂರು ತಾಸು ನೀವು ಮಗಳ ಜೊತೆ ಇರಿ. ಮೂರು ಪುಟದ ಪತ್ರದಲ್ಲಿ ಅವಳ ಬಗ್ಗೆ ಒಂದೇ ಸಾಲು ಇದೆ: "ಮಗಳು ಜಾಣೆ, ಅವಳದೇನೂ ತೊಂದರೆ ಇಲ್ಲ." 13 ವರ್ಷದ ಹುಡುಗಿಗೆ ಸುತ್ತಿ ತಿರುಗುವ ರೈಡ್ ಬೇಕು, ಕಿರುಚಬೇಕು, ಒದ್ದೆಯಾಗಬೇಕು. ತಮ್ಮನ ಕೈ ಹಿಡಿದುಕೊಂಡು ಬೆಂಚಿನ ಮೇಲೆ ಕೂರುವುದನ್ನು ಅವಳು ಹೇಳದೆಯೇ ಕಲಿತಿರುತ್ತಾಳೆ. ಪಾರ್ಕಿನ ಎರಡನೇ ದಿನ ಅವಳಿಗೂ ಅವಳ ಅತ್ತೆಗೂ, ಅಂದರೆ ನಿಮ್ಮ ನಾದಿನಿಗೆ, ಪೂರ್ತಿ ಪಾರ್ಕು ಬಿಟ್ಟುಕೊಡಿ. ಎಷ್ಟೊತ್ತಿಗೆ ಬರ್ತೀರಿ ಅಂತ ಫೋನ್ ಮಾಡಬೇಡಿ.

ಟೇಬಲ್ ಫ್ಯಾನ್ ಮನೆಯಲ್ಲಿ ಬಿಟ್ಟು ಬರಬೇಡಿ, ಜೊತೆಗೆ ಒಯ್ಯಿರಿ. ನಗುವವರು ನಗಲಿ. ರೆಕ್ಕೆಗೆ ಟವೆಲ್ ಸುತ್ತಿ, ಒಂದು ಎಕ್ಸ್‌ಟೆನ್ಶನ್ ವಯರ್ ಜೊತೆ ಚೀಲಕ್ಕೆ ಹಾಕಿ. ಹುಬ್ಬಳ್ಳಿ ಲಾಡ್ಜಿನಲ್ಲಿ ಅದು ಕೆಲಸ ಮಾಡಿತೋ ಇಲ್ಲವೋ, ಒಂದು ಕಾರ್ಡು ಬರೆಯಿರಿ.

ನಿಮ್ಮ,
ಸಂಪಾದಕಿ