ಹರಾಜಿನಲ್ಲಿ ಸಿಕ್ಕ ಹುಡುಗ ದೊಡ್ಡ ಫಾರ್ವರ್ಡ್ ಆಗ್ತಾನಾ?

ಹಾಕಿ ಇಂಡಿಯಾ ಲೀಗ್ ಹರಾಜು, ಸೀಸನ್ ಮುಗಿದ ಮೇಲೆ ನನಗೆ ಒಂದೇ ತರಹದ ಪತ್ರಗಳು ಬರುತ್ತವೆ. ಊರು ಬೇರೆ, ಹುಡುಗ ಬೇರೆ, ಪ್ರಶ್ನೆ ಮಾತ್ರ ಅದೇ. ಈ ಸಲ ಒಂದು ಪತ್ರಕ್ಕೆ ಪೂರ್ತಿ ಉತ್ತರ ಬರೆಯುತ್ತೇನೆ. ಉಳಿದವಕ್ಕೆ ಮಿಕ್ಕ ಜಾಗ. ಪೆನಾಲ್ಟಿ ಕಾರ್ನರ್ ಅಂದರೆ ಏನು, ವಿಂಗರ್ ಎಲ್ಲಿ ನಿಲ್ಲಬೇಕು ಅನ್ನುವುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಮಗ ಈ ಮಟ್ಟಕ್ಕೆ ಬಂದಿದ್ದಾನೆ ಅಂದರೆ ಅಷ್ಟು ನಿಮಗೆ ಗೊತ್ತಿರುತ್ತದೆ.

ಪ್ರಶ್ನೆ: ಸರ್, ನನ್ನ ಮಗನಿಗೆ 19 ವರ್ಷ. ರೈಟ್ ವಿಂಗ್ ಆಡುತ್ತಾನೆ. ಲೀಗ್ ಹರಾಜಿನಲ್ಲಿ ಒಂದು ತಂಡ ಅವನನ್ನು ಜೂನಿಯರ್ ಆಟಗಾರನಾಗಿ 2 ಲಕ್ಷಕ್ಕೆ ತೆಗೆದುಕೊಂಡಿತು. ಸೀಸನ್ ಪೂರ್ತಿ ಆಡಿಸಿದ್ದು ಮೂರೇ ಪಂದ್ಯ. ಒಂದೂ ಗೋಲು ಬರಲಿಲ್ಲ. ರಾಜ್ಯ ಟೂರ್ನಿಗಳಲ್ಲಿ ರಾಶಿ ಗೋಲು ಹೊಡೆದವನು. ನೆಂಟರೆಲ್ಲ ಹಾಕಿ ಬಿಡಿಸಿ ಅನ್ನುತ್ತಿದ್ದಾರೆ. ಅವನಲ್ಲಿ ನಿಜವಾಗಿ ಶಕ್ತಿ ಇದೆಯಾ ಅಂತ ತಿಳಿಯುವುದು ಹೇಗೆ? — ಸೋಮವಾರಪೇಟೆ ಕಡೆಯ ಒಬ್ಬ ತಂದೆ

ಮೊದಲು ಆ 2 ಲಕ್ಷವನ್ನು ತಲೆಯಿಂದ ತೆಗೆದುಹಾಕಿ. 2024ರಲ್ಲಿ ಲೀಗ್ ಮತ್ತೆ ಶುರುವಾದಾಗ ಮಾಡಿದ ನಿಯಮ ನೋಡಿ. ಪುರುಷರ ಒಂದು ತಂಡಕ್ಕೆ 24 ಜನ. ಅದರಲ್ಲಿ 8 ಮಂದಿ ಹೊರದೇಶದವರು. 16 ಭಾರತೀಯರಲ್ಲಿ ಕನಿಷ್ಠ 4 ಮಂದಿ ಜೂನಿಯರ್ ಇರಲೇಬೇಕಿತ್ತು. 2 ಲಕ್ಷ ಅನ್ನುವುದು ಎಲ್ಲಕ್ಕಿಂತ ಕೆಳಗಿನ ಮೂಲ ಬೆಲೆ. ಆ ಹರಾಜಿನಲ್ಲಿ 78 ಲಕ್ಷ ಪಡೆದ ಹರ್ಮನ್‌ಪ್ರೀತ್ ಸಿಂಗ್ ಫಾರ್ವರ್ಡ್ ಅಲ್ಲ, ಡಿಫೆಂಡರ್. ಪೆನಾಲ್ಟಿ ಕಾರ್ನರ್ ಹೊಡೆಯುವ ಕೈಗೆ ಕೊಟ್ಟ ಬೆಲೆ ಅದು. ಆ ಹೊತ್ತಿಗೆ ತಂಡಕ್ಕೆ ಏನು ಬೇಕಿತ್ತು ಅನ್ನುವುದನ್ನಷ್ಟೇ ಹರಾಜು ಹೇಳುತ್ತದೆ. ನಿಮ್ಮ ಮಗ ಏನಾಗುತ್ತಾನೆ ಅನ್ನುವುದನ್ನು ಹೇಳುವುದಿಲ್ಲ.

ಇನ್ನು ಗೋಲು. ಈ ಗೋಲಿನ ಲೆಕ್ಕ ಕೇಳಿ ಕೇಳಿ ನನಗೆ ಸಾಕಾಗಿದೆ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಾವು ಕಂಚು ಗೆದ್ದೆವು ಅಲ್ವಾ? 8 ಪಂದ್ಯಗಳಲ್ಲಿ ನಮಗೆ ಬಂದ ಗೋಲು 15. ಅದರಲ್ಲಿ ಹರ್ಮನ್‌ಪ್ರೀತ್ ಒಬ್ಬರದೇ 10. ಒಂದು ಮಿಡ್‌ಫೀಲ್ಡರ್ ವಿವೇಕ್ ಸಾಗರ್ ಪ್ರಸಾದ್ ಅವರದು. ಫಾರ್ವರ್ಡ್‌ಗಳೆಲ್ಲ ಸೇರಿ ಹೊಡೆದದ್ದು ಬರೀ 4: ಅಭಿಷೇಕ್ 2, ಮನ್‌ದೀಪ್ 1, ಸುಖಜೀತ್ 1. ಹಾಗಂತ ಫಾರ್ವರ್ಡ್‌ಗಳು ಏನೂ ಮಾಡಲಿಲ್ಲ ಅನ್ನುತ್ತೀರಾ? ಡಿ (ಗೋಲಿನ ಮುಂದಿನ ಅರ್ಧವೃತ್ತ) ಒಳಗೆ ಚೆಂಡು ತೆಗೆದುಕೊಂಡು ಹೋಗಿ, ಡಿಫೆಂಡರ್ ಕಾಲಿಗೆ ತಾಗಿಸಿ, ಪೆನಾಲ್ಟಿ ಕಾರ್ನರ್ ಗಿಟ್ಟಿಸುವವರು ಯಾರು? ಆ ಕೆಲಸ ಸ್ಕೋರ್‌ಬೋರ್ಡಿನಲ್ಲಿ ಕಾಣುವುದಿಲ್ಲ. ನಿಮ್ಮ ಊರಿನವರೇ ಆದ ಎಸ್.ವಿ. ಸುನಿಲ್ ಭಾರತಕ್ಕೆ 264 ಪಂದ್ಯ ಆಡಿ 72 ಗೋಲು ಹೊಡೆದರು. ಹತ್ತಿರ ಹತ್ತಿರ ನಾಲ್ಕು ಪಂದ್ಯಕ್ಕೆ ಒಂದು. ಅವರ ಓಟಕ್ಕೆ ಹೆದರಿ ಎದುರಾಳಿ ಡಿಫೆನ್ಸ್ ಹತ್ತು ಹೆಜ್ಜೆ ಹಿಂದೆ ನಿಲ್ಲುತ್ತಿತ್ತು. ಆ ಹತ್ತು ಹೆಜ್ಜೆ ಜಾಗದಲ್ಲಿ ಬೇರೆಯವರು ಆಡಿದರು.

ಹಾಗಾದರೆ ಏನು ನೋಡಬೇಕು? ಆ ಮೂರು ಪಂದ್ಯಗಳ ವಿಡಿಯೊ ಹಾಕಿ. ಚೆಂಡನ್ನು ನೋಡಬೇಡಿ, ಬರೀ ಮಗನನ್ನು ನೋಡಿ. ತಂದೆಗೆ ಇದು ಕಷ್ಟ, ನನಗೆ ಗೊತ್ತು. ಆದರೂ ಮಾಡಿ.

ಚೆಂಡು ಅವನ ಹತ್ತಿರ ಬರುವ ಮೊದಲು ಅವನ ಕತ್ತು ಏನು ಮಾಡುತ್ತಿದೆ? ಭುಜದ ಮೇಲಿಂದ ಹಿಂದೆ ತಿರುಗಿ ನೋಡುತ್ತಾನಾ? ರಾಜ್ಯ ಮಟ್ಟದಲ್ಲಿ ಡಿಫೆಂಡರ್ ಎರಡು ಮೀಟರ್ ದೂರ ಇರುತ್ತಾನೆ. ಚೆಂಡು ಹಿಡಿದು, ತಲೆ ಎತ್ತಿ, ಆಮೇಲೆ ಯೋಚಿಸಿದರೂ ನಡೆಯುತ್ತದೆ. ಲೀಗ್‌ನಲ್ಲಿ ಬೆಲ್ಜಿಯಂನವನೋ ಆಸ್ಟ್ರೇಲಿಯಾದವನೋ ಬೆನ್ನಿಗೇ ಅಂಟಿಕೊಂಡಿರುತ್ತಾನೆ. ಅಲ್ಲಿ ಚೆಂಡು ಬಂದ ಮೇಲೆ ಯೋಚಿಸುವವನಿಗೆ ಚೆಂಡು ಉಳಿಯುವುದಿಲ್ಲ. ಎರಡು ಸಲ ಹಿಂದೆ ನೋಡಿ, ಎಲ್ಲಿ ಜಾಗ ಇದೆ ಅಂತ ಮೊದಲೇ ಗೊತ್ತು ಮಾಡಿಕೊಂಡ ಹುಡುಗ ಚೆಂಡು ಕಳೆದುಕೊಂಡರೂ ನನಗೆ ಬೇಸರ ಇಲ್ಲ. ಅವನ ಕೈ ಇವತ್ತಲ್ಲ ನಾಳೆ ಕಣ್ಣಿನ ಜೊತೆ ಸೇರಿಕೊಳ್ಳುತ್ತದೆ.

ಆಮೇಲೆ ಟ್ರ್ಯಾಪ್, ಅಂದರೆ ಬಂದ ಚೆಂಡನ್ನು ಸ್ಟಿಕ್‌ನಲ್ಲಿ ಹಿಡಿಯುವುದು. ಚೆಂಡು ನಿಂತಿತಾ ಇಲ್ಲವಾ ಅನ್ನುವುದು ಮುಖ್ಯ ಅಲ್ಲ. ಎಲ್ಲಿ ನಿಂತಿತು? ಕಾಲಿನ ಬುಡದಲ್ಲಿ ಸತ್ತ ಹಾಗೆ ನಿಂತರೆ ಅವನು ತಲೆ ಬಗ್ಗಿಸಲೇಬೇಕು, ಆಮೇಲೆ ಇನ್ನೊಂದು ತಟ್ಟು ಕೊಟ್ಟು ಹೊರಡಬೇಕು. ಅಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. ಮೊದಲ ತಾಗುವಿಕೆಯಲ್ಲೇ ಚೆಂಡು ಡಿಫೆಂಡರ್‌ನಿಂದ ದೂರ, ಓಡುವ ದಾರಿಗೆ ಹೋಯಿತು ಅಂದರೆ ಅವನು ಅರ್ಧ ಕೆಲಸ ಮುಗಿಸಿದ. ನಮ್ಮ ಹುಡುಗರು ಹುಲ್ಲಿನ ಮೇಲೆ, ಮಣ್ಣಿನ ಮೇಲೆ ಆಡಿ ಬೆಳೆದವರು. ಅಲ್ಲಿ ಚೆಂಡು ಕುಪ್ಪಳಿಸುತ್ತದೆ, ಹಾಗಾಗಿ ಮೊದಲು ನಿಲ್ಲಿಸುವುದನ್ನೇ ಕಲಿತಿರುತ್ತಾರೆ. ನೀರು ಹಾಯಿಸಿದ ಕೃತಕ ಟರ್ಫ್ ಮೇಲೆ ಆ ಅಭ್ಯಾಸವೇ ತೊಡಕು. ಇದು ಬದಲಾಗುತ್ತದೆ, ಒಂದು ವರ್ಷ ಕೂತು ಮಾಡಿಸಿದರೆ ಸಾಕು. ಆದ್ದರಿಂದ ಟ್ರ್ಯಾಪ್ ಕೆಟ್ಟದಾಗಿದೆ ಅಂತ ಯಾರನ್ನೂ ಬಿಟ್ಟುಹಾಕಬೇಡಿ. ಎಷ್ಟು ಬೇಗ ತಿದ್ದಿಕೊಳ್ಳುತ್ತಾನೆ ನೋಡಿ.

ಚೆಂಡು ಕಳೆದುಕೊಂಡ ಮೇಲಿನ ಮೂರು ಹೆಜ್ಜೆ. ನಾನು ಆಯ್ಕೆಗೆ ಕೂತಾಗ ಎಲ್ಲಕ್ಕಿಂತ ಜಾಸ್ತಿ ನೋಡುವುದು ಇದನ್ನೇ. ಕೈ ಎತ್ತಿ ಅಂಪೈರ್ ಕಡೆ ತಿರುಗುತ್ತಾನಾ, ಸೊಂಟಕ್ಕೆ ಕೈ ಇಟ್ಟು ನಿಲ್ಲುತ್ತಾನಾ, ಇಲ್ಲ ಆ ಕ್ಷಣವೇ ಹಿಂದೆ ಓಡುತ್ತಾನಾ? ಈಗಿನ ಹಾಕಿಯಲ್ಲಿ ಡಿಫೆನ್ಸ್ ಶುರುವಾಗುವುದು ಫಾರ್ವರ್ಡ್‌ನಿಂದ. ಅವನು ಒತ್ತಡ ಹಾಕದಿದ್ದರೆ ಹಿಂದಿನ ಹತ್ತು ಜನರ ಲೆಕ್ಕ ತಪ್ಪುತ್ತದೆ. ಜೂನಿಯರ್ ಹುಡುಗನನ್ನು ಕೋಚ್ ಬೆಂಚಿನಲ್ಲಿ ಕೂರಿಸುವುದಕ್ಕೆ ಹೆಚ್ಚಿನ ಸಲ ಕಾರಣ ಇದೇ ಇರುತ್ತದೆ. ಗೋಲು ಬರಲಿಲ್ಲ ಅಂತ ಯಾರೂ ಕೂರಿಸುವುದಿಲ್ಲ.

ಇನ್ನೊಂದು ಇದೆ. ಈಗ ಫಾರ್ವರ್ಡ್‌ಗಳನ್ನು ಐದಾರು ನಿಮಿಷ ಆಡಿಸಿ ಹೊರಗೆ ಕರೆದು, ಮತ್ತೆ ಕಳಿಸುತ್ತಾರೆ. ಮೊದಲ ನಿಮಿಷದಲ್ಲಿ ಎಲ್ಲರೂ ಹುಲಿಗಳೇ. ಐದನೇ ನಿಮಿಷದಲ್ಲಿ ಅವನ ಓಟ ಹೇಗಿದೆ? ಚೆಂಡು ತನಗೆ ಬರುವುದಿಲ್ಲ ಅಂತ ಗೊತ್ತಿದ್ದೂ, ಜೊತೆಗಾರನಿಗೆ ಜಾಗ ಮಾಡಿಕೊಡುವುದಕ್ಕೆ ಆಗಲೂ ಓಡುತ್ತಾನಾ? ಹೌದು ಅಂತಾದರೆ ನೆಂಟರ ಮಾತು ಪಕ್ಕಕ್ಕಿಡಿ.

ಡ್ರಿಬ್ಲಿಂಗ್ ರೀಲ್ ಕಳಿಸಬೇಡಿ, ದಯವಿಟ್ಟು. ಕೋನ್‌ಗಳ ನಡುವೆ ಚೆಂಡು ಆಡಿಸುವ ಹುಡುಗರು ಪ್ರತಿ ಊರಲ್ಲೂ ಇದ್ದಾರೆ. ಕೋನ್ ಟ್ಯಾಕಲ್ ಮಾಡುವುದಿಲ್ಲ.

ನಾನು ಇಷ್ಟು ಎಚ್ಚರದಿಂದ ಮಾತಾಡುವುದಕ್ಕೆ ಕಾರಣ ಇದೆ. ತುಂಬ ವರ್ಷದ ಹಿಂದೆ ಒಂದು ಟ್ರಯಲ್ಸ್‌ನಲ್ಲಿ 15 ವರ್ಷದ ಒಬ್ಬ ಹುಡುಗನನ್ನು ನಾನು ಬೇಡ ಅಂದೆ. ಸಣಕಲು. ತಳ್ಳಿದರೆ ಬೀಳುತ್ತಿದ್ದ. ಅವನ ಜಾಗಕ್ಕೆ ಮೀಸೆ ಬಂದಿದ್ದ, ಗಟ್ಟಿಮುಟ್ಟಾದ ಹುಡುಗನನ್ನು ಆರಿಸಿದೆ. ಆ ಸಣಕಲನಿಗೆ 17ಕ್ಕೆ ಮೈ ತುಂಬಿತು. ಅಷ್ಟರಲ್ಲಿ ಅವನು ಸ್ಟಿಕ್ ಕೆಳಗಿಟ್ಟು ಅಪ್ಪನ ಅಂಗಡಿಯಲ್ಲಿ ಕೂತಿದ್ದ. ಅವತ್ತು ಮೈದಾನದಲ್ಲಿ ಹಿಂದೆ ತಿರುಗಿ ನೋಡುತ್ತಿದ್ದವನು ಅವನೊಬ್ಬನೇ. ನಾನು ಅದನ್ನು ಕಂಡೆ, ಕಂಡೂ ಮೈಕಟ್ಟಿಗೆ ಮಾರುಹೋದೆ. ಅದು ನನ್ನ ತಪ್ಪು. ಈಗಲೂ ಕಾಡುತ್ತದೆ. ಅದಕ್ಕೇ ಈಗ ಯಾವ ಹುಡುಗನ ಬಗ್ಗೆಯೂ 'ಇವನಿಂದ ಆಗಲ್ಲ' ಅಂತ ಒಂದು ಸಲ ನೋಡಿ ಹೇಳುವುದಿಲ್ಲ.

19 ವರ್ಷ ಅಂದರೆ ತಡ ಆಗಿಲ್ಲ. ಪ್ಯಾರಿಸ್‌ನಲ್ಲಿ ಗೋಲು ಹೊಡೆದ ಅಭಿಷೇಕ್, ಸುಖಜೀತ್ ಇಬ್ಬರೂ ಹಿರಿಯರ ತಂಡಕ್ಕೆ ಮೊದಲು ಆಡಿದ್ದು 2022ರಲ್ಲಿ. ಆಗ ಅಭಿಷೇಕ್‌ಗೆ 22, ಸುಖಜೀತ್‌ಗೆ 25. ಸಿಮ್ರನ್‌ಜೀತ್ ಸಿಂಗ್ ಕಥೆ ಇನ್ನೂ ಚೆನ್ನಾಗಿದೆ. 2016ರಲ್ಲಿ ಲಖನೌದಲ್ಲಿ ಜೂನಿಯರ್ ವಿಶ್ವಕಪ್ ಫೈನಲ್‌ನಲ್ಲಿ ಬೆಲ್ಜಿಯಂ ವಿರುದ್ಧ ಗೋಲು ಹೊಡೆದ ಹುಡುಗ. ಐದು ವರ್ಷ ಆದ ಮೇಲೂ ಟೋಕಿಯೊ ಒಲಿಂಪಿಕ್ಸ್‌ನ 16 ಜನರ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಕೋವಿಡ್ ಕಾರಣಕ್ಕೆ ಮೀಸಲು ಆಟಗಾರರನ್ನೂ ಆಡಿಸಬಹುದು ಅಂತ ಆಯಿತು. ಕಂಚಿನ ಪಂದ್ಯದಲ್ಲಿ ಜರ್ಮನಿಯನ್ನು 5-4ರಿಂದ ಗೆದ್ದಾಗ ಎರಡು ಗೋಲು ಅವರದೇ.

ಮೂರು ಪಂದ್ಯ ನೋಡಿ ತೀರ್ಮಾನ ಮಾಡಬೇಡಿ. ಇನ್ನೂ ಎರಡು ಸೀಸನ್ ಕೊಡಿ. ಲೀಗ್ ತಂಡದ ಕೋಚ್‌ಗೆ ಮಗನೇ ಫೋನ್ ಮಾಡಿ, 'ನನ್ನನ್ನು ಯಾಕೆ ಆಡಿಸಲಿಲ್ಲ' ಅಂತಲ್ಲ, 'ನಾನು ಯಾವುದನ್ನು ತಿದ್ದಿಕೊಳ್ಳಬೇಕು' ಅಂತ ಕೇಳಲಿ. ಆ ಫೋನ್ ನೀವು ಮಾಡಬೇಡಿ. ಇನ್ನು ಕೆಲಸದ ಮಾತು. ರೈಲ್ವೆಯಲ್ಲೋ, ಸೇನೆಯಲ್ಲೋ, ಬೇರೆ ಇಲಾಖೆಯಲ್ಲೋ ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕರೆ ಬಿಡಬೇಡಿ. ನಮ್ಮ ದೇಶದ ಹಾಕಿಯಲ್ಲಿ ಕೆಲಸ ಕೊಡುವವರೇ ವರ್ಷವಿಡೀ ಆಡಿಸುವವರು. ಕೆಲಸ ಸಿಕ್ಕಿತು ಅಂದರೆ ಹಾಕಿ ಬಿಟ್ಟ ಹಾಗಲ್ಲ ಅಂತ ನೆಂಟರಿಗೂ ತಿಳಿಸಿ ಹೇಳಿ.

ಪ್ರಶ್ನೆ: ಬೆರಳಚ್ಚು ನೋಡಿ ಮಗ ಫಾರ್ವರ್ಡ್ ಆಗ್ತಾನೋ ಡಿಫೆಂಡರ್ ಆಗ್ತಾನೋ ಹೇಳ್ತಾರಂತೆ. ಮಾಡಿಸಬಹುದಾ?

ಬೇಡ. ಅದು ಮೋಸ. ಆ ದುಡ್ಡಿಗೆ ಒಂದು ಜೊತೆ ಒಳ್ಳೆ ಟರ್ಫ್ ಶೂ ತನ್ನಿ.

ಪ್ರಶ್ನೆ: ಎತ್ತರ ಹೆಚ್ಚಿಸುವ ಪುಡಿ ಕೊಡಬಹುದಾ? ಜಿಮ್‌ನವರು ಬೇರೆ ಒಂದು ಡಬ್ಬಿ ಕೊಟ್ಟಿದ್ದಾರೆ.

ಎರಡನ್ನೂ ಕೊಡಬೇಡಿ. ಎತ್ತರ ಬೆಳೆಸುವ ಪುಡಿ ಅಂತ ಯಾವುದೂ ಇಲ್ಲ. ಜಿಮ್ ಡಬ್ಬಿಯಲ್ಲಿ ಏನು ಬೆರೆತಿದೆ ಅಂತ ಕೊಟ್ಟವನಿಗೂ ಗೊತ್ತಿರುವುದಿಲ್ಲ. ನಾಳೆ ಡೋಪ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ 'ಗೊತ್ತಿರಲಿಲ್ಲ' ಅಂದರೆ ಬಿಡುವುದಿಲ್ಲ. ಮೈಯೊಳಗೆ ಹೋದದ್ದಕ್ಕೆ ಆಟಗಾರನೇ ಹೊಣೆ ಅಂತ ನಿಯಮವೇ ಇದೆ. ಮೊಟ್ಟೆ, ಹಾಲು, ಕಾಳು, ಮೀನು ಕೊಡಿ. ರಾತ್ರಿ ಮೊಬೈಲ್ ಕಿತ್ತುಕೊಂಡು ಮಲಗಿಸಿ.

ಪ್ರಶ್ನೆ: ವಯಸ್ಸು ಎರಡು ವರ್ಷ ಕಡಿಮೆ ಬರೆಸಿದರೆ ಜೂನಿಯರ್‌ನಲ್ಲಿ ಇನ್ನೂ ಎರಡು ವರ್ಷ ಸಿಗುತ್ತೆ ಅಂತ ಒಬ್ಬರು ಕೋಚ್ ಹೇಳಿದರು.

ಆ ಮನುಷ್ಯನನ್ನು ಕೋಚ್ ಅಂತ ಕರೆಯಬೇಡಿ. ಇದು ಓದಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ, ಸಿಕ್ಕಿಬಿದ್ದರೆ ಆಟಕ್ಕೇ ನಿಷೇಧ. ಸಿಕ್ಕಿಬೀಳದಿದ್ದರೂ ನಷ್ಟ ನಿಮ್ಮ ಮಗನಿಗೇ. ಎರಡು ವರ್ಷ ಚಿಕ್ಕವರ ಎದುರು ಮೈಬಲದಿಂದ ಗೋಲು ಹೊಡೆದವನು ಹಿಂದೆ ತಿರುಗಿ ನೋಡುವುದನ್ನು ಕಲಿಯುವುದೇ ಇಲ್ಲ. ಹಿರಿಯರ ಜೊತೆ ಆಡುವ ದಿನ ಬಂದಾಗ ಅವನ ಹತ್ತಿರ ಏನೂ ಇರುವುದಿಲ್ಲ. ಅವನಿಂದ ಜಾಗ ಕಳೆದುಕೊಂಡ ಇನ್ನೊಂದು ಮನೆಯ ಮಗುವನ್ನೂ ಸ್ವಲ್ಪ ನೆನೆಯಿರಿ.

ಪ್ರಶ್ನೆ: ಕೊಡವ ಕೌಟುಂಬಿಕ ಹಾಕಿಯಲ್ಲಿ ನಮ್ಮ 14 ವರ್ಷದ ಹುಡುಗ ಒಂದೇ ಪಂದ್ಯದಲ್ಲಿ ನಾಲ್ಕು ಗೋಲು ಹೊಡೆದ. ಅವನ ಭವಿಷ್ಯ ಹೇಗಿದೆ?

ತುಂಬ ಸಂತೋಷ. 1997ರಲ್ಲಿ ಕೊಡಗಿನ ಕರಡದಲ್ಲಿ ಶುರುವಾದ ಆ ಹಬ್ಬದಲ್ಲಿ ತಾತ, ಮೊಮ್ಮಗ ಒಂದೇ ತಂಡದಲ್ಲಿ ಆಡುತ್ತಾರೆ. ಅದನ್ನು ಹಬ್ಬದ ಹಾಗೇ ಅನುಭವಿಸಲಿ. ಅಳೆಯುವುದಕ್ಕೆ ಅದು ಜಾಗ ಅಲ್ಲ. 14ಕ್ಕೆ ಭವಿಷ್ಯ ಹೇಳುವವರ ಹತ್ತಿರ ಹೋಗಬೇಡಿ.

ಪ್ರಶ್ನೆ: ದುಡ್ಡು ಕೊಟ್ಟರೆ ಕ್ಯಾಂಪ್‌ಗೆ ಆಯ್ಕೆ ಮಾಡಿಸುತ್ತೇನೆ ಅಂತ ಒಬ್ಬರು ಬಂದಿದ್ದಾರೆ.

ಪೊಲೀಸರಿಗೆ ಹೇಳಿ.

ಪ್ರಶ್ನೆ: ನಾವು ಟೊರಾಂಟೊದಲ್ಲಿದ್ದೇವೆ. ಮಗನ ಗೆಳೆಯ ಐಸ್ ಹಾಕಿಯ ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ ಕೊನೆಯ ಸುತ್ತಿನಲ್ಲಿ ಆಯ್ಕೆಯಾದ. ಕೊನೆಯ ಸುತ್ತು ಅಂದರೆ ಆಸೆ ಇಲ್ಲ ಅಂತಲೇ ಅರ್ಥವಾ?

ಅಲ್ಲ. ಡ್ರಾಫ್ಟ್ ಅಂದರೆ ಲೀಗ್‌ನ ತಂಡಗಳು ಸರದಿಯಲ್ಲಿ ಹುಡುಗರನ್ನು ಆರಿಸಿಕೊಳ್ಳುವುದು. ಅಲ್ಲಿ 7 ಸುತ್ತು, ಹೆಚ್ಚಿನವರು 18 ವರ್ಷದ ಹುಡುಗರು. ಆ ವಯಸ್ಸಿನಲ್ಲಿ ಯಾರ ಲೆಕ್ಕವೂ ಪಕ್ಕಾ ಇರುವುದಿಲ್ಲ. ಪಾವೆಲ್ ಡಾಟ್ಸ್ಯೂಕ್ 1998ರಲ್ಲಿ 171ನೆಯವರಾಗಿ ಆಯ್ಕೆಯಾದರು, ಡೆಟ್ರಾಯಿಟ್ ತಂಡದ ಜೊತೆ ಎರಡು ಸಲ ಆ ಲೀಗ್‌ನ ಸ್ಟ್ಯಾನ್ಲಿ ಕಪ್ ಗೆದ್ದರು. 2012ರಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ನೇಲ್ ಯಾಕುಪೊವ್ ಆರು ಸೀಸನ್ ಆಡಿ ಆ ಲೀಗ್ ಬಿಟ್ಟರು. ಆದರೂ ಮೊದಲ ಸುತ್ತಿನವರಿಗೆ ಅವಕಾಶ ಜಾಸ್ತಿ ಸಿಗುತ್ತದೆ, ತಪ್ಪು ಮಾಡಿದರೂ ಕಾಯುತ್ತಾರೆ. ಕೊನೆಯ ಸುತ್ತಿನವನಿಗೆ ಅಷ್ಟು ಕಾಯುವುದಿಲ್ಲ. ಆ ಹುಡುಗನಿಗೆ ಇದು ಗೊತ್ತಿರಲಿ.

ಪ್ರಶ್ನೆ: ಮಗಳು ಸೆಂಟರ್ ಫಾರ್ವರ್ಡ್, 17 ವರ್ಷ. ಹೆಣ್ಣುಮಕ್ಕಳಿಗೂ ಇದೇ ಅಳತೆಯಾ? ಎರಡನೇ ಹಾಫ್‌ಗೆ ತುಂಬ ಸುಸ್ತಾಗುತ್ತಾಳೆ. ಸೋಮಾರಿ ಅಂತ ಕೋಚ್ ಬೈಯುತ್ತಾರೆ.

ಆಟದ ಅಳತೆ ಅದೇ. ಕತ್ತು, ಟ್ರ್ಯಾಪ್, ಮೂರು ಹೆಜ್ಜೆ. 2025ರಿಂದ ಮಹಿಳೆಯರ ಲೀಗ್ ಕೂಡ ಶುರುವಾಗಿದೆ, ದಾರಿ ಇದೆ. ಆದರೆ ಸುಸ್ತು ಅಂದಿರಲ್ಲ, ಅದನ್ನು ಸುಮ್ನೆ ಬಿಡಬೇಡಿ. ಬೈಯುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ಅದು ಸೋಮಾರಿತನ ಅಲ್ಲ, ರಕ್ತಹೀನತೆ. ಡಾಕ್ಟರ್ ಹೇಳಿದ ಹಾಗೆ ಕಬ್ಬಿಣದ ಮಾತ್ರೆ ತೆಗೆದುಕೊಂಡರೆ ಕೆಲವು ತಿಂಗಳಲ್ಲಿ ಬೇರೆಯೇ ಹುಡುಗಿ ಆಗುತ್ತಾಳೆ. ಮುಟ್ಟು ಸರಿಯಾಗಿ ಆಗುತ್ತಿದೆಯಾ ಅಂತ ಅಮ್ಮ ಕೇಳಲಿ. ನಿಂತುಹೋಗಿದ್ದರೆ ಊಟ ಸಾಲುತ್ತಿಲ್ಲ ಅಂತ ಅರ್ಥ ಇರಬಹುದು, ಅದನ್ನೂ ಡಾಕ್ಟರ್‌ಗೆ ಹೇಳಿ. ಇನ್ನು ಮಂಡಿ. ತಿರುಗುವಾಗ 'ಟಕ್' ಅಂತ ಸದ್ದಾಗಿ ಊದಿಕೊಂಡರೆ ಎಣ್ಣೆ ತಿಕ್ಕುವವರ ಹತ್ತಿರ ಕರೆದುಕೊಂಡು ಹೋಗಬೇಡಿ. ಅವತ್ತೇ ಮೂಳೆ ಡಾಕ್ಟರ್‌ಗೆ ತೋರಿಸಿ. ಅವರು ಸರಿ ಅನ್ನುವವರೆಗೆ ಸ್ಟಿಕ್ ಮುಟ್ಟಿಸಬೇಡಿ, ಎಷ್ಟೇ ದೊಡ್ಡ ಟೂರ್ನಿ ಇದ್ದರೂ.