ಬರ್ಲಿಂಗ್ ಗ್ಯಾಪ್‌ನಿಂದ ವಾಪಸ್ ಬಸ್: ನೀವು ಹುಡುಕುತ್ತಿರುವ ಸ್ಟಾಪೇ ಬೇರೆ

ಅಕ್ಟೋಬರ್‌ನ ಒಂದು ಮಂಗಳವಾರ, ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸೆವೆನ್ ಸಿಸ್ಟರ್ಸ್ ಬಿಳಿ ಕಡಿಬಂಡೆಗಳ ಮೇಲೆ ನಡೆದು ಬರ್ಲಿಂಗ್ ಗ್ಯಾಪ್‌ಗೆ ಬಂದರೆ ಬ್ರೈಟನ್‌ಗೆ ಬಸ್ಸೇ ತೋರಿಸುತ್ತಿಲ್ಲ ಅಂದಿರಿ. ಕಾರಣ ಹೆಚ್ಚುಕಡಿಮೆ ಇದು: ಸಮುದ್ರದ ಅಂಚಿನ ಆ ಸ್ಟಾಪ್‌ಗೆ ಇಳಿಯುವುದು 13ಎಕ್ಸ್ ನಂಬರಿನ ಬಸ್. ಬೇಸಿಗೆ ಮುಗಿದ ಮೇಲೆ ಅದು ವಾರಾಂತ್ಯದ ಬಸ್. ದಿನವೂ ಓಡುವ 12 ನಂಬರಿನ ಬಸ್ ಮೇಲಿನ ಎ259 ಮುಖ್ಯರಸ್ತೆಯಲ್ಲೇ ಹೋಗುತ್ತದೆ.

ಹಾಗಾಗಿ ಬಸ್ ಹುಡುಕುವಾಗ ವಾಪಸ್ ಸ್ಟಾಪ್ ಅಂತ ಹತ್ತಿರದ ಹಳ್ಳಿ ಈಸ್ಟ್ ಡೀನ್ ಹಾಕಿ ನೋಡಿ. ಬೆಳಿಗ್ಗೆ ಬ್ರೈಟನ್‌ನಿಂದ 12 ಹತ್ತಿ ಎಕ್ಸೀಟ್‌ನಲ್ಲಿ ಇಳಿಯಿರಿ. ಅದಕ್ಕೂ ಮೊದಲೇ ಸೀಫರ್ಡ್‌ನಲ್ಲಿ ಇಳಿದು ದಡದಲ್ಲೇ ಬಂದರೆ ಕಕ್‌ಮೇರ್ ನದಿ ಅಡ್ಡ ಬರುತ್ತದೆ. ನದಿ ಸಮುದ್ರ ಸೇರುವ ಕಡೆ ಸೇತುವೆ ಇಲ್ಲ, ಎಕ್ಸೀಟ್‌ವರೆಗೆ ಒಳಗೆ ಬರಲೇಬೇಕು. ಅಲ್ಲಿಂದ ಪೂರ್ವಕ್ಕೆ ನಡೆಯಿರಿ, ಗಾಳಿ ಸಾಮಾನ್ಯವಾಗಿ ಬೆನ್ನಿಗೇ ಇರುತ್ತದೆ. ದೂರ ನೋಡಿದರೆ ಕಮ್ಮಿ ಅನಿಸುತ್ತದೆ, ಆದರೆ ಏಳು ಗುಡ್ಡ ಹತ್ತಿ ಇಳಿಯುವಾಗ ಮೊಣಕಾಲು ಲೆಕ್ಕ ಹೇಳುತ್ತದೆ! ಮೂರು ಗಂಟೆ ಇಟ್ಟುಕೊಳ್ಳಿ. ಫೋಟೋಗೆ ಅಂತ ಅಂಚಿಗೆ ಮಾತ್ರ ಹೋಗಬೇಡಿ. ಮೇಲೆ ಹಸಿರು ಹುಲ್ಲು ಕಾಣುತ್ತದೆ, ಕೆಳಗೆ ಸುಣ್ಣಕಲ್ಲು ಕುಸಿದಿರುತ್ತದೆ. ಮಳೆ ಬಂದಿದ್ದರೆ ದಾರಿಯೇ ಸೋಪಿನ ಹಾಗೆ ಜಾರುತ್ತದೆ.

ಬರ್ಲಿಂಗ್ ಗ್ಯಾಪ್‌ನಿಂದ ಈಸ್ಟ್ ಡೀನ್‌ಗೆ ಸುಮಾರು ಒಂದು ಮೈಲಿ ಏರು. ಹಳ್ಳಿ ದಾಟಿ ಮುಖ್ಯರಸ್ತೆಯ ಸ್ಟಾಪ್‌ನಲ್ಲಿ ನಿಂತು, ಬಸ್ ಕಂಡ ಕೂಡಲೇ ಕೈ ಚಾಚಿ. ಸುಮ್ನೆ ನಿಂತರೆ ಮುಂದೆ ಹೋಗಿಬಿಡಬಹುದು. ಕಾರ್ಡ್ ತಾಗಿಸಿದರೆ ಸಾಕು, 2025ರಿಂದ ಒಂದು ಸಲದ ಪ್ರಯಾಣದ ಟಿಕೆಟ್‌ಗೆ 3 ಪೌಂಡ್ ಮಿತಿ ಇದೆ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ನಿಮ್ಮ ಮಂಗಳವಾರ ಅದರ ನಂತರದ್ದಾದರೆ ಐದಕ್ಕೆಲ್ಲ ಕತ್ತಲು, ಹತ್ತು ಗಂಟೆಯೊಳಗೆ ನಡೆಯಲು ಶುರುಮಾಡಿ.