ಒಂದೇ ತುಂಡಿನಲ್ಲಿ ಐದು ಜಾಬ್

ಪ್ರಶ್ನೆ: ಐಟಿಐ ಟರ್ನರ್ (ಲೇತ್ ಯಂತ್ರದ ಕೆಲಸ) ವಿಭಾಗದಲ್ಲಿ ಜೆಟಿಒ (ಕಿರಿಯ ತರಬೇತಿ ಅಧಿಕಾರಿ) ಆಗಿದ್ದೇನೆ. 20 ಮಕ್ಕಳ ಬ್ಯಾಚ್. ಪ್ರತಿ ಜಾಬ್‌ಗೂ (ಅಭ್ಯಾಸದ ಕೆಲಸಕ್ಕೂ) 32 ಮಿ.ಮೀ. ವ್ಯಾಸ, 100 ಮಿ.ಮೀ. ಉದ್ದದ ಹೊಸ ಎಂ.ಎಸ್. (ಮೃದು ಉಕ್ಕಿನ) ತುಂಡು ಕೊಡುತ್ತೇವೆ. ವರ್ಷ ಮುಗಿಯುವ ಮೊದಲೇ ರಾಡ್ ಖಾಲಿಯಾಗುತ್ತದೆ. ಏನು ಮಾಡಬಹುದು?

ಉತ್ತರ: ಮೊದಲು ತೂಕ ಹಾಕಿ ನೋಡಿ. ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂದು ಸಿಗುತ್ತದೆ. 32ರ ರಾಡಿಗೆ 6.32. ಅಂದರೆ ಒಂದು ತುಂಡು ಸುಮಾರು 630 ಗ್ರಾಂ. ಐದು ಜಾಬ್‌ಗೆ ಐದು ತುಂಡಾದರೆ ಬ್ಯಾಚಿಗೆ 63 ಕಿಲೋ ಬೇಕು. ಐದನ್ನೂ ಒಂದೇ ತುಂಡಿನಲ್ಲಿ ಮಾಡಿಸಿದರೆ 12.6 ಕಿಲೋ ಸಾಕು.

ತುಂಡನ್ನು ಹಿಡಿದು ತಿರುಗಿಸುವ ಚಕ್‌ನ ಹಿಡಿತಕ್ಕೆ 30 ಮಿ.ಮೀ. ಬಿಡಿ, ಉಳಿದ 70ರಲ್ಲಿ ಕೆಲಸ. ಮೊದಲ ಜಾಬ್ ಫೇಸಿಂಗ್ (ತುದಿ ಸಮತಟ್ಟು ಮಾಡುವುದು), ಸೆಂಟರ್ ಡ್ರಿಲ್ಲಿಂಗ್ (ತುದಿಯ ನಡುವೆ ರಂಧ್ರ), 30ಕ್ಕೆ ಪ್ಲೇನ್ ಟರ್ನಿಂಗ್ (ಉದ್ದಕ್ಕೂ ಒಂದೇ ವ್ಯಾಸಕ್ಕೆ ಇಳಿಸುವುದು). ಎರಡನೆಯದು 30, 27, 24ರ ಸ್ಟೆಪ್. ಆಮೇಲೆ ಪೂರ್ತಿ 24ಕ್ಕೆ ಇಳಿಸಿ ಎಂ24 (24 ಮಿ.ಮೀ. ಹೊರವ್ಯಾಸದ ಥ್ರೆಡ್), ಪಿಚ್ (ಎಳೆಯಿಂದ ಎಳೆಗೆ ಅಂತರ) 3. ಆ ಥ್ರೆಡ್‌ನ ತಳ 20.32ಕ್ಕೆ ನಿಲ್ಲುವುದರಿಂದ 20ಕ್ಕೆ ಟರ್ನ್ ಮಾಡಿದರೆ ಗುರುತೂ ಉಳಿಯದು. ಅಲ್ಲಿ ಎಂ20, ಪಿಚ್ 2.5. ಅದರ ತಳ 16.93. ಹಾಗಾಗಿ ಕೊನೆಗೆ 16 ಎಚ್7 (ಸಣ್ಣ ಅಕ್ಷರದ h7, ಅಂದರೆ 16 ಮೀರದೆ, ತುಸು ಮಾತ್ರ ಕಡಿಮೆ ಇರಬಹುದಾದ ಅಳತೆ) ಪಿನ್ ಆಗುತ್ತದೆ. ಸೆಂಟರ್ ರಂಧ್ರ ಕೆಡದಂತೆ ನೋಡಿಕೊಳ್ಳಿ. 16ರ ದಪ್ಪಕ್ಕೆ 70 ಮಿ.ಮೀ. ಹೊರಚಾಚಿದ್ದರೆ ಟೇಲ್‌ಸ್ಟಾಕ್ (ಆ ರಂಧ್ರಕ್ಕೆ ಮೊನೆ ಕೊಟ್ಟು ಹಿಡಿಯುವ ಭಾಗ) ಆಸರೆ ಇಲ್ಲದೆ ತುಂಡು ಬಾಗಿ ಟೇಪರ್ (ಒಂದು ತುದಿ ದಪ್ಪ, ಇನ್ನೊಂದು ಸಣ್ಣ) ಬರುತ್ತದೆ.

ಜಾಬ್ ಉಳಿಸಿಕೊಳ್ಳದೆ ಅಂಕ ಹೇಗೆ ಎಂಬ ಅಳುಕು ಬೇಡ. ಮುಂದಿನ ಹಂತಕ್ಕೆ ಹೋಗುವ ಮೊದಲೇ ಅಳತೆ ತೆಗೆದು, ರೆಕಾರ್ಡಿನಲ್ಲಿ ಬರೆದು, ವಿದ್ಯಾರ್ಥಿಯ ಎದುರೇ ಅಂಕ ಹಾಕಿ. ಮಾದರಿಗೆ ಹಂತಕ್ಕೊಂದು ತುಂಡು ತೆಗೆದಿಟ್ಟರೆ ಆಯಿತು.

ಪ್ರಶ್ನೆ: ಸರ್, 25 ಎಚ್7 ಮಾಡಲು ಹೋದರೆ 24.8 ಆಗಿಬಿಡುತ್ತದೆ. ತುಂಡು ಸ್ಕ್ರ್ಯಾಪಿಗೆ. ತಪ್ಪೆಲ್ಲಿ?

ಉತ್ತರ: ಹೆಚ್ಚಾಗಿ, ಟೂಲನ್ನು ತುಂಡಿನೊಳಕ್ಕೆ ಸರಿಸುವ ಕ್ರಾಸ್ ಸ್ಲೈಡ್‌ನ ಡಯಲ್‌ನಲ್ಲಿ. ಕೆಲವು ಲೇತ್‌ಗಳಲ್ಲಿ ಡಯಲ್ 0.2 ತಿರುಗಿಸಿದರೆ ವ್ಯಾಸ 0.4 ಇಳಿಯುತ್ತದೆ, ಕೆಲವದರಲ್ಲಿ 0.2 ಮಾತ್ರ. ನಿಮ್ಮ ಯಂತ್ರ ಯಾವುದೆಂದು ಒಂದು ಕಟ್ ಕೊಟ್ಟು, ಅಳೆದು ಖಚಿತ ಮಾಡಿಕೊಳ್ಳಿ. ಗೆರೆ ದಾಟಿದರೆ ಅಷ್ಟೇ ಹಿಂದೆ ತಿರುಗಿಸಿ ನಿಲ್ಲಿಸಬೇಡಿ, ಸ್ಕ್ರೂವಿನ ಸಡಿಲದಿಂದ ಟೂಲ್ ಅಲ್ಲೇ ಇರುತ್ತದೆ. ಅರ್ಧ ಸುತ್ತು ಹಿಂದೆ ಹೋಗಿ ಮತ್ತೆ ಮುಂದೆ ಬನ್ನಿ. ಫಿನಿಶಿಂಗ್‌ಗೆ 0.5 ಉಳಿದಾಗ ತುದಿಯಲ್ಲಿ 4-5 ಮಿ.ಮೀ. ಮಾತ್ರ ಕಟ್ ಮಾಡಿ, ಅಳೆದು, ನಂತರ ಮುಂದುವರಿಸಿ.

ಬಿಸಿ ಇರುವಾಗ ಅಳೆಯಲೇಬೇಡಿ. 25ರ ಉಕ್ಕು ಮೊದಲಿಗಿಂತ 40 ಡಿಗ್ರಿ ಹೆಚ್ಚು ಕಾದರೆ 0.012 ಹಿಗ್ಗುತ್ತದೆ, ಎಚ್7ರಲ್ಲಿ ನಿಮಗಿರುವುದು ಒಟ್ಟು 0.021. ಕೂಲಂಟ್ (ತಣಿಸುವ ದ್ರವ) ಹರಿಸಿ, ತುಂಡು ಕೈಗೆ ತಣ್ಣಗಾದ ಮೇಲೆ ಮೈಕ್ರೋಮೀಟರ್ ಹಿಡಿಯಿರಿ.